ಯಾರ ಕಂಠ, ಯಾರ ಮಾತು? ಸ್ಮಾರ್ಟ್‌ಫೋನ್ ಧ್ವನಿಸಹಾಯಕಗಳ ಭದ್ರತೆ: ಒಂದು ಭಾಷಾವೈಜ್ಞಾನಿಕ ವಿಮರ್ಶೆ

ಸಾರಾಂಶ: ಧ್ವನಿಸಹಾಯಕಗಳ ಭದ್ರತೆಯನ್ನು ಕುರಿತ ಅಧ್ಯಯನಗಳು ‘ಈ ಕಂಠ ಯಾರದು’ ಎಂಬ ಪ್ರಶ್ನೆಗೆ ಹೆಚ್ಚಿನ ಗಮನ ಕೊಟ್ಟಿವೆ. ‘ಈ ಮಾತು ಯಾರದು, ಯಾರನ್ನು ಕುರಿತದ್ದು’ ಎಂಬ ಪ್ರಶ್ನೆ ಅವುಗಳಲ್ಲಿ ಬಹುಮಟ್ಟಿಗೆ ಹಿಂದೆ ಉಳಿದಿದೆ. ಈ ಎರಡನೆಯ ಪ್ರಶ್ನೆ ಭಾಷಾವಿಜ್ಞಾನದ್ದು. ಕನ್ನಡದಂತಹ ಕ್ರಿಯಾಪದಾಂತ್ಯ ಭಾಷೆಗಳಲ್ಲಿ ಅದನ್ನು ಕಡೆಗಣಿಸಿದರೆ ಭದ್ರತೆಯ ಲೋಪವೇ ಉಂಟಾಗುತ್ತದೆ ಎಂಬುದು ಈ ಲೇಖನದ ವಾದ.

1. ಪ್ರಶ್ನೆಯ ಸ್ವರೂಪ

ಸ್ಮಾರ್ಟ್‌ಫೋನಿನ ಧ್ವನಿಸಹಾಯಕವು ಎರಡು ಭಿನ್ನ ಕೆಲಸಗಳನ್ನು ಮಾಡುತ್ತದೆ. ಏನು ಹೇಳಲಾಯಿತು ಎಂಬುದನ್ನು ಗುರುತಿಸುವುದು ಒಂದು. ಯಾರು ಹೇಳಿದರು ಎಂಬುದನ್ನು ಗುರುತಿಸುವುದು ಇನ್ನೊಂದು. ಮೊದಲನೆಯದನ್ನು ನುಡಿಗುರುತಿಸುವಿಕೆ ಎಂದೂ ಎರಡನೆಯದನ್ನು ವಕ್ತೃಗುರುತಿಸುವಿಕೆ ಎಂದೂ ಇಲ್ಲಿ ಕರೆಯಲಾಗಿದೆ. ಇವೆರಡರ ಗುರಿಗಳು ಪರಸ್ಪರ ವಿರುದ್ಧವಾದವು. ನುಡಿಯನ್ನು ಗುರುತಿಸುವ ವ್ಯವಸ್ಥೆಯು ವ್ಯಕ್ತಿಯಿಂದ ವ್ಯಕ್ತಿಗೆ ಬದಲಾಗುವ ಕಂಠದ ಗುಣಗಳನ್ನು ಬದಿಗಿಟ್ಟು ಎಲ್ಲರಿಗೂ ಸಮಾನವಾದ ಧ್ವನಿಮಾ ಸರಣಿಯನ್ನು ಹುಡುಕುತ್ತದೆ. ವಕ್ತೃವನ್ನು ಗುರುತಿಸುವ ವ್ಯವಸ್ಥೆಯು ಧ್ವನಿಮಾಗಳನ್ನು ಬದಿಗಿಟ್ಟು ಆ ಗುಣಗಳನ್ನೇ ಹುಡುಕುತ್ತದೆ. ಒಂದಕ್ಕೆ ಕಸವಾದದ್ದು ಇನ್ನೊಂದಕ್ಕೆ ಕಾಳು.

ಭದ್ರತೆಯ ಚರ್ಚೆ ಈ ಎರಡು ಕೆಲಸಗಳ ನಿಖರತೆಯ ಸುತ್ತಲೇ ನಡೆದಿದೆ. ಇವೆರಡೂ ತಪ್ಪಿಲ್ಲದೆ ನಡೆದರೂ ಉತ್ತರ ಸಿಗದ ಮೂರನೆಯ ಪ್ರಶ್ನೆಯೊಂದಿದೆ: ಆ ಮಾತನ್ನು ಆಡಿದವರು ಅದಕ್ಕೆ ಬದ್ಧರೇ, ಮತ್ತು ಅದನ್ನು ಆಡಿದ್ದು ಫೋನನ್ನು ಕುರಿತೇ? ಮನುಷ್ಯರ ನಡುವೆ ಆಜ್ಞೆ, ಕೋರಿಕೆ, ಸಮ್ಮತಿಗಳು ಸಿಂಧುವಾಗುವುದು ಈ ಪ್ರಶ್ನೆಗೆ ಉತ್ತರ ಸಿಕ್ಕಮೇಲೆ. ಅದಕ್ಕೆ ಬೇಕಾದ ಪರಿಕಲ್ಪನೆಗಳು ಭಾಷಾವಿಜ್ಞಾನದಲ್ಲಿ ಬಹುಕಾಲದಿಂದ ಇವೆ. ಭದ್ರತಾ ಅಧ್ಯಯನಗಳು ಅವುಗಳನ್ನು ವಿರಳವಾಗಿ ಬಳಸಿವೆ. ನಾವೂ ಅವುಗಳನ್ನು ಆ ಕ್ಷೇತ್ರಕ್ಕೆ ಕೊಂಡೊಯ್ಯುವ ಶ್ರಮವನ್ನು ಅಷ್ಟಾಗಿ ವಹಿಸಿಲ್ಲ.

2. ಕಂಠವು ಬೆರಳಚ್ಚಲ್ಲ

ಕಂಠವನ್ನು ಬೆರಳಚ್ಚಿಗೆ ಹೋಲಿಸುವ ರೂಢಿ ಹಳೆಯದು. ಬೆಲ್ ಪ್ರಯೋಗಾಲಯದ ಲಾರೆನ್ಸ್ ಕರ್ಸ್ಟಾ 1962ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನವು ಸ್ಪೆಕ್ಟ್ರೋಗ್ರಾಮುಗಳನ್ನು ನೋಡಿ ವ್ಯಕ್ತಿಗಳನ್ನು ಗುರುತಿಸಬಹುದೆಂದು ವಾದಿಸಿ ‘ವಾಯ್ಸ್‌ಪ್ರಿಂಟ್’ ಎಂಬ ಪದವನ್ನು ಜನಪ್ರಿಯಗೊಳಿಸಿತು. ಧ್ವನಿವಿಜ್ಞಾನಿಗಳು ಇದನ್ನು ಸುಮ್ಮನೆ ಒಪ್ಪಲಿಲ್ಲ. 1979ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಸಮಿತಿಯು ಈ ವಿಧಾನದ ಬಗ್ಗೆ ಎಚ್ಚರಿಕೆಯ ನಿಲುವನ್ನೇ ತಳೆಯಿತು. ಕಾರಣ ಸರಳವಾದದ್ದು. ಬೆರಳಿನ ಗೆರೆಗಳು ದೇಹದ ಮೇಲಿರುವ ಗುರುತು. ಧ್ವನಿಯಾದರೋ ದೇಹವು ಮಾಡುವ ಕ್ರಿಯೆ. ನೆಗಡಿ, ದಣಿವು, ವಯಸ್ಸು, ಕೋಪ, ಎದುರಿಗಿರುವವರು ಯಾರು ಎಂಬುದು, ಇವೆಲ್ಲವೂ ಅದನ್ನು ಬದಲಿಸುತ್ತವೆ. ಒಬ್ಬನೇ ವ್ಯಕ್ತಿಯ ಎರಡು ಉಚ್ಚಾರಣೆಗಳು ಎಂದೂ ಪೂರ್ತಿಯಾಗಿ ಒಂದೇ ಆಗಿರುವುದಿಲ್ಲ.

ಇಂದಿನ ವಕ್ತೃಗುರುತಿಸುವಿಕೆ ಕರ್ಸ್ಟಾ ಅವರ ವಿಧಾನವನ್ನು ಬಿಟ್ಟು ಬಹುದೂರ ಬಂದಿದೆ. ಅದು ನೀಡುವುದು ಹೋಲಿಕೆಯ ಅಂಕವನ್ನು ಮಾತ್ರ. ಆದರೆ ಬೆರಳಚ್ಚಿನ ರೂಪಕ ಉಳಿದುಕೊಂಡಿದೆ. 2017ರಲ್ಲಿ ಬಿಬಿಸಿ ವರದಿಗಾರರೊಬ್ಬರ ಅವಳಿ ಸೋದರ ತನ್ನ ಸೋದರನ ಧ್ವನಿಯನ್ನು ಅನುಕರಿಸಿ ಎಚ್‌ಎಸ್‌ಬಿಸಿ ಬ್ಯಾಂಕಿನ ಧ್ವನಿಪರೀಕ್ಷೆಯನ್ನು ದಾಟಿದರು. ಅವರು ಏಕರೂಪದ ಅವಳಿಗಳೂ ಆಗಿರಲಿಲ್ಲ. 2023ರ ಜನವರಿಯಲ್ಲಿ ಮೈಕ್ರೋಸಾಫ್ಟ್ ಸಂಶೋಧಕರು ಪ್ರಕಟಿಸಿದ ವಾಲ್-ಇ ಎಂಬ ಮಾದರಿಯು 3 ಸೆಕೆಂಡುಗಳ ಧ್ವನಿಮುದ್ರಣವನ್ನು ಆಧಾರವಾಗಿಟ್ಟುಕೊಂಡು ಆ ಕಂಠದಲ್ಲಿ ಹೊಸ ವಾಕ್ಯಗಳನ್ನು ನುಡಿಯಬಲ್ಲದು. ಗೂಗಲ್ ಕೂಡ ತನ್ನ ವಾಯ್ಸ್ ಮ್ಯಾಚ್ ಸೌಲಭ್ಯದ ವಿವರಣೆಯಲ್ಲಿ, ಹೋಲುವ ಧ್ವನಿ ಅಥವಾ ಧ್ವನಿಮುದ್ರಣವು ಬಳಕೆದಾರರ ಖಾಸಗಿ ಮಾಹಿತಿಯನ್ನು ತಲುಪಬಹುದೆಂದು ಎಚ್ಚರಿಸಿದೆ. ಆ್ಯಪಲ್ 2015ರಲ್ಲಿ ಐಫೋನುಗಳಿಗೆ ತಂದ ‘ಹೇ ಸಿರಿ’ಯ ವೈಯಕ್ತೀಕರಣದ ಉದ್ದೇಶವೂ ಬೀಗ ಹಾಕುವುದಲ್ಲ, ಬೇರೆಯವರ ಮಾತಿಗೆ ಫೋನು ಸುಮ್ಮನೆ ಎಚ್ಚರಗೊಳ್ಳುವುದನ್ನು ತಗ್ಗಿಸುವುದು. ಆದರೆ ಆರಂಭದಲ್ಲಿ ಕೆಲವು ವಾಕ್ಯಗಳನ್ನು ಹೇಳಿಸಿಕೊಂಡು ‘ನಿಮ್ಮ ಧ್ವನಿಯನ್ನು ಕಲಿತಿದ್ದೇನೆ’ ಎನ್ನುವ ಸಾಧನವನ್ನು ಬಳಕೆದಾರರು ಬೀಗವೆಂದೇ ತಿಳಿಯುವುದು ಸಹಜ. ತಯಾರಕರ ಉದ್ದೇಶಕ್ಕೂ ಬಳಕೆದಾರರ ಗ್ರಹಿಕೆಗೂ ನಡುವಿನ ಈ ಅಂತರವೇ ಮೊದಲ ಲೋಪ.

3. ದಾಳಿಗಳ ವರ್ಗೀಕರಣ: ಒಂದು ಆಕ್ಷೇಪ

ಭದ್ರತಾ ಸಂಶೋಧನೆಯ ಸಾಧನೆ ನಿಜಕ್ಕೂ ದೊಡ್ಡದು. 2016ರಲ್ಲಿ ಕಾರ್ಲಿನಿ ಮತ್ತು ಸಂಗಡಿಗರು, ಮನುಷ್ಯರಿಗೆ ಬರೀ ಗದ್ದಲವಾಗಿ ಕೇಳಿಸುವ ಶಬ್ದಗಳನ್ನು ಫೋನುಗಳು ಆಜ್ಞೆಗಳಾಗಿ ಗ್ರಹಿಸುತ್ತವೆ ಎಂದು ತೋರಿಸಿದರು. 2017ರಲ್ಲಿ ಚೀನಾದ ಝೆಜಿಯಾಂಗ್ ವಿಶ್ವವಿದ್ಯಾಲಯದ ತಂಡವು ಡಾಲ್ಫಿನ್ ಅಟ್ಯಾಕ್ ಎಂಬ ಹೆಸರಿನಲ್ಲಿ, 20 ಕಿಲೋಹರ್ಟ್ಸ್‌ಗಿಂತ ಮೇಲಿನ, ಮನುಷ್ಯರ ಕಿವಿಗೆ ಎಟುಕದ ತರಂಗಗಳ ಮೇಲೆ ಮಾತನ್ನು ಹೇರಿ ಸಿರಿ ಮೊದಲಾದ ಸಹಾಯಕಗಳಿಗೆ ಆಜ್ಞೆ ಕೊಟ್ಟಿತು. ಮೈಕ್ರೋಫೋನು ತನ್ನ ಅರೇಖೀಯ ವರ್ತನೆಯಿಂದಾಗಿ ಆ ತರಂಗದಿಂದ ಮಾತನ್ನು ಮರಳಿ ಪಡೆದುಕೊಳ್ಳುತ್ತದೆ. 2019ರಲ್ಲಿ ಬೆಳಕಿಗೆ ಬಂದ ಲೈಟ್ ಕಮಾಂಡ್ಸ್ ಪ್ರಯೋಗದಲ್ಲಿ ಲೇಸರ್ ಕಿರಣದ ತೀವ್ರತೆಯನ್ನು ಮಾತಿನ ತರಂಗಕ್ಕೆ ಅನುಗುಣವಾಗಿ ಏರಿಳಿಸಿ ಮೈಕ್ರೋಫೋನಿಗೆ ಹಾಯಿಸಲಾಯಿತು. ಕೆಲವು ಮನೆಸ್ಪೀಕರುಗಳು 110 ಮೀಟರ್ ದೂರದಿಂದಲೂ ಇದನ್ನು ಆಜ್ಞೆಯೆಂದು ಸ್ವೀಕರಿಸಿದವು. ಫೋನುಗಳಲ್ಲಿ ಈ ದೂರ ಬಹಳ ಕಡಿಮೆ.

ಈ ದಾಳಿಗಳನ್ನು ‘ಕೇಳಿಸುವ’ ಮತ್ತು ‘ಕೇಳಿಸದ’ ಎಂದು ವಿಂಗಡಿಸುವುದು ವಾಡಿಕೆ. ತಂತ್ರಜ್ಞಾನದ ದೃಷ್ಟಿಯಿಂದ ಅದು ಸರಿ. ಆದರೆ ಈ ವಿಂಗಡಣೆ ಅವುಗಳೆಲ್ಲದರ ಸಮಾನ ಮೂಲವನ್ನು ಮರೆಮಾಡುತ್ತದೆ. 2017ರ ಏಪ್ರಿಲ್‌ನಲ್ಲಿ ಬರ್ಗರ್ ಕಿಂಗ್ ಕಂಪನಿಯ ದೂರದರ್ಶನ ಜಾಹೀರಾತಿನಲ್ಲಿ ನಟನೊಬ್ಬ ‘ಓಕೆ ಗೂಗಲ್’ ಎಂದು ಕರೆದು ಬರ್ಗರಿನ ಬಗ್ಗೆ ಪ್ರಶ್ನೆ ಕೇಳಿದಾಗ ಮನೆಗಳಲ್ಲಿದ್ದ ಗೂಗಲ್ ಸಾಧನಗಳು ಉತ್ತರಿಸತೊಡಗಿದವು. ಇಲ್ಲಿ ಶಬ್ದ ಸ್ಪಷ್ಟವಾಗಿಯೇ ಕೇಳಿಸುತ್ತಿತ್ತು. ವ್ಯವಸ್ಥೆ ಪದಗಳನ್ನು ತಪ್ಪಾಗಿ ಗುರುತಿಸಲೂ ಇಲ್ಲ. ತಪ್ಪಿದ್ದು, ಆ ಮಾತು ತನ್ನನ್ನು ಉದ್ದೇಶಿಸಿದ್ದೇ ಎಂಬ ತೀರ್ಮಾನದಲ್ಲಿ. ಲೇಸರ್ ಕಿರಣದ ಪ್ರಸಂಗದಲ್ಲಿಯೂ ತಪ್ಪಿದ್ದು ಅದೇ: ಅಲ್ಲಿ ಆಜ್ಞೆಯ ರೂಪವಿತ್ತು, ಆಜ್ಞಾಪಿಸುವ ಅಧಿಕಾರವುಳ್ಳ ಮಾತುಗಾರರಿರಲಿಲ್ಲ. ಜೆ. ಎಲ್. ಆಸ್ಟಿನ್ 1955ರ ಹಾರ್ವರ್ಡ್ ಉಪನ್ಯಾಸಗಳಲ್ಲಿ ವಿವರಿಸಿದ ಪ್ರಕಾರ, ಮಾತಿನಿಂದ ಕ್ರಿಯೆಯೊಂದು ನೆರವೇರಬೇಕಾದರೆ ಸರಿಯಾದ ವ್ಯಕ್ತಿ, ಸರಿಯಾದ ಸಂದರ್ಭ, ಸರಿಯಾದ ವಿಧಾನಗಳು ಕೂಡಿಬರಬೇಕು. ಧ್ವನಿಸಹಾಯಕಗಳಲ್ಲಿ ಈ ನಿಬಂಧನೆಗಳಲ್ಲಿ ಬಹಳಷ್ಟನ್ನು ಕೈಬಿಟ್ಟು ಪದಸರಣಿಯನ್ನೇ ಕ್ರಿಯೆಯೆಂದು ಎಣಿಸಲಾಗಿದೆ. ಕೇಳಿಸುವ ದಾಳಿಗಳೂ ಕೇಳಿಸದ ದಾಳಿಗಳೂ ಈ ಒಂದೇ ಬಿರುಕಿನಿಂದ ಒಳಗೆ ನುಗ್ಗುತ್ತವೆ.

4. ಉಚ್ಚರಿಸುವವರು, ಹೊಣೆಗಾರರು

ಅರ್ವಿಂಗ್ ಗಾಫ್‌ಮನ್ 1979ರ ‘ಫುಟಿಂಗ್’ ಲೇಖನದಲ್ಲಿ ‘ಮಾತುಗಾರ’ ಎಂಬ ಒಂದೇ ಪದದೊಳಗೆ ಅಡಗಿರುವ ಮೂರು ಪಾತ್ರಗಳನ್ನು ಬಿಡಿಸಿ ತೋರಿಸಿದರು: ಮಾತನ್ನು ಬಾಯಿಂದ ಉಚ್ಚರಿಸುವವರು, ಅದರ ಪದಗಳನ್ನು ಕಟ್ಟಿದವರು, ಅದರ ಆಶಯಕ್ಕೆ ಬದ್ಧರಾದವರು. ಕೇಳುವವರಲ್ಲಿಯೂ ಅವರು ಮಾತುಕತೆಯಲ್ಲಿ ಅಧಿಕೃತವಾಗಿ ಪಾಲ್ಗೊಂಡವರನ್ನು ಸುಮ್ಮನೆ ಕಿವಿಗೆ ಬಿದ್ದದ್ದನ್ನು ಕೇಳಿಸಿಕೊಂಡವರಿಂದ ಬೇರ್ಪಡಿಸಿದರು. ವಕ್ತೃಗುರುತಿಸುವಿಕೆಗೆ ಸಿಗುವುದು ಮೊದಲನೆಯ ಪಾತ್ರ ಮಾತ್ರ. ಅದು ಕಂಠವನ್ನು ಗುರುತಿಸಿ, ಹೊಣೆಗಾರರನ್ನು ಗುರುತಿಸಿದ್ದೇನೆಂದು ಭಾವಿಸುತ್ತದೆ.

ಈ ಗೊಂದಲ ಎರಡು ದಿಕ್ಕಿನಲ್ಲಿಯೂ ಹಾನಿ ಮಾಡುತ್ತದೆ. ಓದಲು ಬಾರದ ಅಜ್ಜಿಯ ಪರವಾಗಿ, ಅವಳು ಹೇಳಿದಂತೆಯೇ, ಮೊಮ್ಮಗಳು ಅಜ್ಜಿಯ ಫೋನಿಗೆ ಮಾತನಾಡಿದಾಗ ಕಂಠ ಮೊಮ್ಮಗಳದು, ಆಶಯ ಅಜ್ಜಿಯದು. ವ್ಯವಸ್ಥೆ ಈ ನ್ಯಾಯವಾದ ಕೋರಿಕೆಯನ್ನು ತಿರಸ್ಕರಿಸಬಹುದು. ಅಜ್ಜಿಯ ಕಂಠವನ್ನು ಮುದ್ರಿಸಿಕೊಂಡು ಕೃತಕವಾಗಿ ನುಡಿಸಿದ ವಂಚಕನ ಮಾತನ್ನು ಅದು ಸ್ವೀಕರಿಸಬಹುದು. ಮನೆಮಂದಿಯೆಲ್ಲ ಒಂದೇ ಫೋನನ್ನು ಬಳಸುವ ಕಡೆಗಳಲ್ಲಿ ಇದು ಅಪರೂಪದ ಸನ್ನಿವೇಶವಲ್ಲ. ನಕಲಿ ಧ್ವನಿಯ ಪತ್ತೆಗಾಗಿ 2015ರಿಂದ ನಡೆಯುತ್ತಿರುವ ಎಎಸ್‌ವಿಸ್ಪೂಫ್ ಸ್ಪರ್ಧೆಗಳು ಎರಡನೆಯ ಅಪಾಯವನ್ನು ಗಂಭೀರವಾಗಿ ಎದುರಿಸಿವೆ. ಆದರೆ ಅಸಲಿ ಕಂಠವೂ ಉದ್ಧರಿಸಿ ಮಾತನಾಡಬಹುದು, ಅಣಕಿಸಬಹುದು, ಗಟ್ಟಿಯಾಗಿ ಓದಬಹುದು. ಆ ಮಾತಿನ ಸ್ಥಾನವೇನೆಂಬುದು ಕಂಠದ ಅಸಲಿತನದಿಂದ ತಿಳಿಯುವುದಿಲ್ಲ.

5. ಕರೆಪದ ಮತ್ತು ಕನ್ನಡದ ಪದಕೋಶ

ಫೋನನ್ನು ಎಚ್ಚರಗೊಳಿಸುವ ನುಡಿಯನ್ನು ಇಲ್ಲಿ ಕರೆಪದ ಎನ್ನೋಣ. ಅದರ ಕೆಲಸ ಸಂಬೋಧನೆ. ಯಾರನ್ನು ಕುರಿತು ಮಾತು ಎಂಬ ಪ್ರಶ್ನೆಗೆ ವ್ಯವಸ್ಥೆಯ ಬಳಿ ಇರುವ ಮುಖ್ಯ ಉತ್ತರ ಅದೇ. ಆದ್ದರಿಂದ ಅದು ದಿನಬಳಕೆಯ ಮಾತಿನಲ್ಲಿ ಅಪರೂಪವಾಗಿರಬೇಕು. 2020ರಲ್ಲಿ ಜರ್ಮನಿಯ ಬೋಖಮ್‌ನ ಸಂಶೋಧಕರು ಸಾಧನಗಳನ್ನು ತಪ್ಪಾಗಿ ಎಬ್ಬಿಸುವ 1000ಕ್ಕೂ ಹೆಚ್ಚು ನುಡಿಗಳನ್ನು ಸಂಗ್ರಹಿಸಿದರು. ಇಂಗ್ಲಿಷಿನ ‘ಎಲೆಕ್ಷನ್’ ಪದಕ್ಕೆ ಅಲೆಕ್ಸಾ ಎಚ್ಚರಗೊಂಡರೆ ‘ಎ ಸಿಟಿ’ ಎಂಬುದಕ್ಕೆ ಸಿರಿ ಎಚ್ಚರಗೊಂಡಿತು.

ಅಪರೂಪವೆಂಬುದು ಭಾಷೆಗೆ ಸಾಪೇಕ್ಷ. ‘ಸಿರಿ’ ಇಂಗ್ಲಿಷಿನಲ್ಲಿ ಅಪರಿಚಿತ ಹೆಸರು. ಕನ್ನಡದಲ್ಲಿ ಅದು ಸಂಸ್ಕೃತ ‘ಶ್ರೀ’ಯ ತದ್ಭವ, ಹೆಣ್ಣುಮಕ್ಕಳಿಗೆ ಇಡುವ ಹೆಸರು, ಸಮಾಸಗಳ ಪೂರ್ವಪದ. ‘ಸಿರಿಧಾನ್ಯ’ ಇಂದು ಅಂಗಡಿಯಲ್ಲೂ ಸರಕಾರಿ ಪ್ರಕಟಣೆಗಳಲ್ಲೂ ನಿತ್ಯ ಬಳಕೆಯ ಪದ; ‘ಸಿರಿಗನ್ನಡ’, ‘ಸಿರಿವಂತ’, ‘ಸಿರಿತನ’ ಇವೂ ಹಾಗೆಯೇ. ‘ಹೇ’ ಎಂಬ ಪೂರ್ವಾಂಗವೂ ಹೆಚ್ಚಿನ ರಕ್ಷಣೆ ಕೊಡುವುದಿಲ್ಲ. ಹಳೆಯ ಮೈಸೂರಿನ ಗ್ರಾಮೀಣ ಪ್ರಭೇದಗಳಲ್ಲಿ ಪದಾದಿಯ ಹಕಾರ ಲೋಪಿಸುತ್ತದೆ (‘ಹಳ್ಳಿ’ ಅಲ್ಲಿ ‘ಅಳ್ಳಿ’). ಆ ಪ್ರಭೇದಗಳಲ್ಲಿ ‘ಹೇ ಸಿರಿ’ ಎಂಬುದು ‘ಏ ಸಿರಿ’ ಆಗುತ್ತದೆ. ‘ಏ’ ಎಂಬುದು ಕನ್ನಡದ ಸಲುಗೆಯ ಸಂಬೋಧನೆ. 2023ರ ಐಒಎಸ್ 17ರಲ್ಲಿ ಆ್ಯಪಲ್ ‘ಹೇ’ಯನ್ನು ಕೈಬಿಟ್ಟು ‘ಸಿರಿ’ ಎಂದಷ್ಟೇ ಕರೆಯುವ ಅವಕಾಶ ಕೊಟ್ಟಿತು. ಇಂಗ್ಲಿಷಿನ ರಕಾರ ಮತ್ತು ಕನ್ನಡದ ರಕಾರಗಳ ಉಚ್ಚಾರಣೆ ಬೇರೆ ಎಂಬುದು ನಿಜ. ಆದರೆ ಕನ್ನಡಿಗರು ತಮ್ಮ ಫೋನನ್ನು ಕರೆಯುವುದೂ ಕನ್ನಡದ ರಕಾರದಿಂದಲೇ. ಆ ಉಚ್ಚಾರಣೆಗೆ ಫೋನು ಓಗೊಡಬೇಕಾದರೆ ‘ಸಿರಿಧಾನ್ಯ’ದ ಮೊದಲ ಎರಡು ಅಕ್ಷರಗಳಿಗೂ ಅದು ಕಿವಿ ನಿಮಿರಿಸಲೇಬೇಕು.

6. ಉದ್ಧರಣೆಯ ಸಮಸ್ಯೆ

ಇದಕ್ಕಿಂತ ಗಹನವಾದದ್ದು ವಾಕ್ಯರಚನೆಯ ಸಮಸ್ಯೆ. ಗಾಫ್‌ಮನ್ ತೋರಿಸಿದ ಪಾತ್ರಭೇದವನ್ನು ಕನ್ನಡವು ವ್ಯಾಕರಣದಲ್ಲಿಯೇ ಗುರುತಿಸುತ್ತದೆ. ‘ಎಂದು’ ಮತ್ತು ಅದರ ಆಡುರೂಪವಾದ ‘ಅಂತ’ ಬೇರೆಯವರ ಮಾತನ್ನು ಬೇರೆಯವರದೆಂದು ಸೂಚಿಸುತ್ತವೆ. ‘ಅಂತೆ’ ಎಂಬುದು ತಾನು ಹೇಳುತ್ತಿರುವುದಕ್ಕೆ ತಾನು ಹೊಣೆಯಲ್ಲವೆಂದು ಸಾರುತ್ತದೆ. ಆದರೆ ಈ ಗುರುತುಗಳೆಲ್ಲವೂ ಬರುವುದು ಉದ್ಧೃತ ಮಾತಿನ ಬಳಿಕ. ಈ ಮೂರು ವಾಕ್ಯಗಳನ್ನು ಗಮನಿಸಬಹುದು:

(ಅ) ರಮೇಶನಿಗೆ ದುಡ್ಡು ಕಳಿಸು.
(ಆ) ರಮೇಶನಿಗೆ ದುಡ್ಡು ಕಳಿಸು ಅಂತ ಯಾರೋ ಫೋನ್ ಮಾಡಿದ್ದರು.
(ಇ) ರಮೇಶನಿಗೆ ದುಡ್ಡು ಕಳಿಸು ಅಂತ ಯಾರಾದರೂ ಹೇಳಿದರೆ ಕಳಿಸಬೇಡ.

ಮೊದಲನೆಯದು ಆಜ್ಞೆ, ಎರಡನೆಯದು ವರದಿ, ಮೂರನೆಯದು ನಿಷೇಧ. ‘ಕಳಿಸು’ ಎಂಬಲ್ಲಿಯವರೆಗೆ ಮೂರರ ಪದಸರಣಿಯೂ ಒಂದೇ. ಇಂಗ್ಲಿಷಿನಲ್ಲಿ ವರದಿಯ ಚೌಕಟ್ಟು ಸಾಮಾನ್ಯವಾಗಿ ಮೊದಲೇ ಬಂದು ಕೇಳುಗರನ್ನು ಎಚ್ಚರಿಸುತ್ತದೆ. ಹಿಂದಿಯಲ್ಲಿಯೂ ‘ಕಿ’ ಅವ್ಯಯಕ್ಕೆ ಮೊದಲು ‘ಅವನು ಹೇಳಿದ’ ಎಂಬ ಅಂಶ ಬಂದಿರುವುದೇ ಹೆಚ್ಚು. ಕನ್ನಡದಲ್ಲಿ ‘ಅವನು ಹೇಳಿದ, ದುಡ್ಡು ಕಳಿಸು ಅಂತ’ ಎಂದು ಹೇಳುವುದು ಸಾಧ್ಯವಿದ್ದರೂ ಮೇಲಿನ ಕ್ರಮವೇ ಸಹಜ. ಮಾತು ಮುಗಿಯಿತೇ ಎಂಬುದನ್ನು ಸಹಾಯಕವು ತೀರ್ಮಾನಿಸುವುದು ಬಹುಪಾಲು ಅಲ್ಪಾವಧಿಯ ಮೌನವನ್ನು ಆಧರಿಸಿ. ‘ಕಳಿಸು’ ಎಂದ ಮೇಲೆ ಮಾತನಾಡುವವರು ಉಸಿರೆಳೆದುಕೊಳ್ಳಲು ಅಥವಾ ಹೆಸರೊಂದನ್ನು ನೆನಪಿಸಿಕೊಳ್ಳಲು ತಡೆದರೆ, ವರದಿಯೂ ನಿಷೇಧವೂ ಆಜ್ಞೆಯಾಗಿಬಿಡಬಹುದು. ಹಾಗಾದಾಗ ನುಡಿಗುರುತಿಸುವಿಕೆಯೂ ವಕ್ತೃಗುರುತಿಸುವಿಕೆಯೂ ತಪ್ಪಿರುವುದಿಲ್ಲ. ಕಂಠ ಯಜಮಾನರದೇ, ಪದಗಳೂ ಅವರವೇ, ಆಜ್ಞೆ ಮಾತ್ರ ಅವರದಲ್ಲ.

ಮನುಷ್ಯರು ಇಲ್ಲಿ ಎಡವದಿರಲು ಸ್ವರಭಾರವೊಂದು ಕಾರಣ: ಉದ್ಧರಣೆಯಲ್ಲಿ ‘ಕಳಿಸು’ ಎಂಬುದರ ಮೇಲೆ ವಾಕ್ಯಾಂತ್ಯದ ಇಳಿತ ಸಾಮಾನ್ಯವಾಗಿ ಕಾಣಿಸದೆ, ಮಾತು ಮುಂದುವರಿಯಲಿದೆ ಎಂಬ ಸೂಚನೆ ಇರುತ್ತದೆ. ಈ ಸೂಚನೆ ಎಷ್ಟು ಸ್ಥಿರ, ಯಾವ ಪ್ರಭೇದದಲ್ಲಿ ಹೇಗೆ ಎಂಬುದು ಧ್ವನಿವಿಜ್ಞಾನದ ಪ್ರಯೋಗದಿಂದ ತಿಳಿಯಬೇಕಾದ ಸಂಗತಿ. ಇದು ಕನ್ನಡಕ್ಕಷ್ಟೇ ಸೀಮಿತವೂ ಅಲ್ಲ. ಇತರ ದ್ರಾವಿಡ ಭಾಷೆಗಳೂ ಜಪಾನಿ, ಕೊರಿಯನ್ ಭಾಷೆಗಳೂ ಇದೇ ಬಗೆಯ ರಚನೆಯುಳ್ಳವು. ಆದ್ದರಿಂದ ಇದನ್ನು ಒಂದು ಭಾಷೆಯ ವೈಚಿತ್ರ್ಯವೆಂದು ಬದಿಗೆ ಸರಿಸಲಾಗದು.

ಹಣದ ವಿಷಯದಲ್ಲಿ ಯುಪಿಐ ಪಿನ್ ಇದೆಯಲ್ಲ ಎಂಬ ಸಮಾಧಾನ ನ್ಯಾಯವಾದದ್ದೇ. ರಾಷ್ಟ್ರೀಯ ಪಾವತಿ ನಿಗಮವು 2023ರ ಸೆಪ್ಟೆಂಬರ್‌ನಲ್ಲಿ ‘ಹಲೋ! ಯುಪಿಐ’ ಎಂಬ ಮಾತಿನ ಪಾವತಿ ಸೌಲಭ್ಯವನ್ನು ಮೊದಲು ಹಿಂದಿ ಮತ್ತು ಇಂಗ್ಲಿಷ್‌ಗಳಿಗಾಗಿ ಪ್ರಕಟಿಸಿ, ಇತರ ಭಾರತೀಯ ಭಾಷೆಗಳಿಗೂ ವಿಸ್ತರಿಸುವ ಆಶಯವನ್ನು ತಿಳಿಸಿತು. ಹಿಂದಿ ಮತ್ತು ಇಂಗ್ಲಿಷ್‌ಗಳಲ್ಲಿ ಪಳಗಿದ ಸಂವಾದದ ವಿನ್ಯಾಸವನ್ನು ಪದಗಳನ್ನಷ್ಟೇ ಬದಲಿಸಿ ಕನ್ನಡಕ್ಕೆ ತಂದರೆ ಮೇಲಿನ ಸಮಸ್ಯೆಯೂ ಜೊತೆಗೆ ಬರುತ್ತದೆ. ಅಲ್ಲದೆ ಕರೆ ಮಾಡುವುದು, ಸಂದೇಶ ಕಳಿಸುವುದು, ಬಂದ ಸಂದೇಶವನ್ನು ಗಟ್ಟಿಯಾಗಿ ಓದಿಸುವುದು ಇಂತಹ ಕೆಲಸಗಳಿಗೆ ಪಿನ್‌ನ ಕಾವಲಿಲ್ಲ.

7. ‘ಹೂಂ’ ಎಂಬುದು ಸಮ್ಮತಿಯೇ?

ತಪ್ಪು ಆಜ್ಞೆಗೆ ಪರಿಹಾರವಾಗಿ ದೃಢೀಕರಣದ ಪ್ರಶ್ನೆಯನ್ನು ಸೂಚಿಸಲಾಗುತ್ತದೆ: ‘ಕಳಿಸಲೇ?’ ಇದಕ್ಕೆ ಕನ್ನಡಿಗರ ಸಹಜ ಉತ್ತರ ‘ಹೂಂ’ ಅಥವಾ ‘ಉಹೂಂ’. ಮೊದಲನೆಯದು ಒಪ್ಪಿಗೆ, ಎರಡನೆಯದು ನಿರಾಕರಣೆ. ಇವೆರಡನ್ನು ಬೇರ್ಪಡಿಸುವುದು ಆರಂಭದ ಒಂದು ಕ್ಷೀಣ ಸ್ವರ ಮತ್ತು ಸ್ವರದ ಏರಿಳಿತ. ಮಾತಿನ ಆರಂಭವನ್ನು ಪತ್ತೆಹಚ್ಚುವ ಘಟಕಗಳು ಕ್ಷೀಣವಾದ ಮೊದಲ ಅಂಶವನ್ನು ಕತ್ತರಿಸಿಬಿಡುವುದು ತಿಳಿದ ಸಂಗತಿ. ಹಾಗಾದರೆ ‘ಉಹೂಂ’ ಎಂಬುದು ‘ಹೂಂ’ ಆಗುತ್ತದೆ.

‘ಹೂಂ’ಗೆ ಇನ್ನೊಂದು ಕೆಲಸವೂ ಇದೆ. ಕತೆ ಕೇಳುವವರು ಹೂಂಗುಟ್ಟುತ್ತಾರೆ. ಅಲ್ಲಿ ‘ಹೂಂ’ ಎಂದರೆ ‘ಕೇಳುತ್ತಿದ್ದೇನೆ, ಮುಂದುವರಿಸಿ’ ಎಂದರ್ಥ. ಹೇಳಿದ್ದನ್ನು ಒಪ್ಪಿದ್ದೇನೆ ಎಂದಲ್ಲ. ಫೋನು ಕೇಳಿದ ಪ್ರಶ್ನೆಗೆ ಹೂಂಗುಟ್ಟಿದವರು ಸಮ್ಮತಿಸಿದರೇ, ಸುಮ್ಮನೆ ಕಿವಿಗೊಟ್ಟರೇ? ಅದೇ ಹೊತ್ತಿಗೆ ಪಕ್ಕದಲ್ಲಿದ್ದ ಮತ್ತೊಬ್ಬರ ಮಾತಿಗೆ ಹೂಂಗುಟ್ಟಿದ್ದರೆ? ಇಷ್ಟು ಮೋಟಾದ ಧ್ವನಿಯಲ್ಲಿ ವಕ್ತೃವನ್ನು ಗುರುತಿಸುವುದೂ ಕಷ್ಟ. ಅದಕ್ಕೆ ಬೇಕಾದಷ್ಟು ಸಾಮಗ್ರಿ ಅಲ್ಲಿರುವುದಿಲ್ಲ. ದೃಢೀಕರಣಕ್ಕಾಗಿ ಕಾರ್ಯದ ಹೆಸರನ್ನೇ ಮರುನುಡಿಯುವಂತೆ ಕೇಳುವುದು, ಅಂದರೆ ‘ಹೂಂ’ ಬದಲಿಗೆ ‘ಕಳಿಸು’ ಅಥವಾ ‘ಬೇಡ’ ಎಂದು ಹೇಳಿಸುವುದು ಹೆಚ್ಚು ಸುರಕ್ಷಿತ.

8. ಪ್ರಭೇದ ಮತ್ತು ಹೊಸ್ತಿಲು

ವಕ್ತೃಗುರುತಿಸುವಿಕೆಯಲ್ಲಿ ಎರಡು ತಪ್ಪುಗಳು ಸಾಧ್ಯ: ಪರಕೀಯರನ್ನು ಒಳಬಿಡುವುದು, ಯಜಮಾನರನ್ನೇ ಹೊರಗಿಡುವುದು. ಹೋಲಿಕೆಯ ಅಂಕಕ್ಕೆ ಇಡುವ ಹೊಸ್ತಿಲನ್ನು ಏರಿಸಿದರೆ ಎರಡನೆಯದು ಹೆಚ್ಚುತ್ತದೆ, ಇಳಿಸಿದರೆ ಮೊದಲನೆಯದು. ಸರಾಸರಿಯಲ್ಲಿ ಹೇಳುವ ದೋಷದ ಪ್ರಮಾಣವು ಈ ತಪ್ಪುಗಳು ಯಾರ ಪಾಲಿಗೆ ಎಷ್ಟು ಎಂಬುದನ್ನು ಹೇಳುವುದಿಲ್ಲ. ನುಡಿಗುರುತಿಸುವಿಕೆಯಲ್ಲಿ ಈ ಅಸಮಾನತೆ ದಾಖಲಾಗಿದೆ. ಅಮೆರಿಕದ ಐದು ಪ್ರಮುಖ ಕಂಪನಿಗಳ ವ್ಯವಸ್ಥೆಗಳನ್ನು ಪರೀಕ್ಷಿಸಿದ 2020ರ ಅಧ್ಯಯನವೊಂದರಲ್ಲಿ ಕಪ್ಪು ಮಾತುಗಾರರ ಸರಾಸರಿ ಪದದೋಷ ನೂರಕ್ಕೆ 35, ಬಿಳಿ ಮಾತುಗಾರರದು 19 ಎಂದು ಕಂಡುಬಂತು. ಇಲಿನಾಯ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಅಲೆಕ್ಸಾ ಕುರಿತು ತೋರಿಸಿದ್ದು ಇನ್ನೂ ಮುಖ್ಯವಾದದ್ದು: ವ್ಯವಸ್ಥೆ ಪದೇಪದೇ ತಪ್ಪಾಗಿ ಕೇಳಿಸಿಕೊಳ್ಳುವ ಪದಗಳನ್ನು ಆಯ್ದು, ಆ ತಪ್ಪು ರೂಪದ ಹೆಸರನ್ನೇ ತನ್ನ ತಂತ್ರಾಂಶಕ್ಕೆ ಇಟ್ಟರೆ ವಂಚಕನು ಬಳಕೆದಾರರನ್ನು ತನ್ನತ್ತ ಸೆಳೆದುಕೊಳ್ಳಬಹುದು, ಒಂದು ಪ್ರದೇಶದ ಅಥವಾ ಲಿಂಗದ ಮಾತುಗಾರರನ್ನೇ ಗುರಿಯಾಗಿಸಿಕೊಳ್ಳಬಹುದು. ಉಚ್ಚಾರಣೆಯ ಭೇದವೇ ಇಲ್ಲಿ ದಾಳಿಯ ಹಾದಿ. ಈ ಬರಹವು ಭಾಷಾವಿಜ್ಞಾನಕ್ಕೆ ಬಹಳ ಹತ್ತಿರ ಬಂದಿದೆ. ಪ್ರಭೇದವನ್ನು ದೋಷಗಳ ಹಂಚಿಕೆಯಾಗಿ ಮಾತ್ರ ಕಂಡಿರುವುದು ಅದರ ಮಿತಿ. ಪ್ರಭೇದವು ನಿಯಮಬದ್ಧವಾದದ್ದು, ಆದ್ದರಿಂದ ದೋಷಗಳು ಎಲ್ಲಿ ಬೀಳುತ್ತವೆ ಎಂಬುದನ್ನು ಮೊದಲೇ ಊಹಿಸಬಹುದು. ಹಕಾರಲೋಪದ ಪ್ರಭೇದದಲ್ಲಿ ‘ಹಾಲು’ ಮತ್ತು ‘ಆಲು’ ಒಂದಾಗುತ್ತವೆ ಎಂಬುದನ್ನು ತಿಳಿಯಲು ಸಾವಿರ ಗಂಟೆಗಳ ಧ್ವನಿಮುದ್ರಣ ಬೇಕಿಲ್ಲ, ಪ್ರಭೇದದ ವರ್ಣನೆ ಸಾಕು.

9. ಆಗಬೇಕಾದದ್ದು

ಗೂಗಲ್ 2017ರಲ್ಲಿ ಕನ್ನಡವೂ ಸೇರಿದಂತೆ ಎಂಟು ಭಾರತೀಯ ಭಾಷೆಗಳಿಗೆ ಧ್ವನಿಯ ಹುಡುಕಾಟವನ್ನು ವಿಸ್ತರಿಸಿತು. ಹುಡುಕಾಟದಲ್ಲಿ ತಪ್ಪಾದರೆ ಬೇರೊಂದು ಪುಟ ತೆರೆದುಕೊಳ್ಳುತ್ತದೆ, ಅಷ್ಟೆ. ಸಹಾಯಕಗಳು ಈಗ ಕರೆ, ಸಂದೇಶ, ಪಾವತಿಗಳತ್ತ ಸಾಗಿವೆ. ಅಲ್ಲಿನ ತಪ್ಪನ್ನು ಹಿಂದಕ್ಕೆ ಪಡೆಯುವುದು ಸುಲಭವಲ್ಲ. ಆ್ಯಪಲ್ ವಿರುದ್ಧ ಅಮೆರಿಕದಲ್ಲಿ ನಡೆದ ಮೊಕದ್ದಮೆಯೊಂದು, ಸಿರಿ ತಾನಾಗಿ ಎಚ್ಚರಗೊಂಡು ಖಾಸಗಿ ಮಾತುಗಳನ್ನು ಮುದ್ರಿಸಿಕೊಂಡಿತೆಂಬ ಆರೋಪದ ಮೇಲೆ, 2025ರಲ್ಲಿ 9.5 ಕೋಟಿ ಡಾಲರುಗಳ ರಾಜಿಗೆ ಬಂದು ನಿಂತಿತು. ಆ್ಯಪಲ್ ತಪ್ಪನ್ನು ಒಪ್ಪಿಕೊಳ್ಳಲಿಲ್ಲ. ಯಾರನ್ನು ಕುರಿತ ಮಾತು ಎಂಬ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದೆ ಎಂಬುದಕ್ಕೆ ಇದು ಸಾಕ್ಷಿ.

ಕನ್ನಡದ ಮಟ್ಟಿಗೆ ಸಂಶೋಧನಾ ವಿದ್ಯಾರ್ಥಿಗಳು ಕೈಗೆತ್ತಿಕೊಳ್ಳಬಹುದಾದ ಮೂರು ಕೆಲಸಗಳಿವೆ. ಮೊದಲನೆಯದು, ಆಜ್ಞೆ, ವರದಿ, ನಿಷೇಧ, ಅಣಕ, ಓದು ಎಂಬ ಭೇದಗಳನ್ನು ಗುರುತು ಹಾಕಿದ ಮಾತಿನ ಸಂಗ್ರಹ. ಈ ಭೇದಗಳನ್ನು ಒಂದೇ ವಾಕ್ಯಭಾಗದ ಮೇಲೆ ಪರೀಕ್ಷಿಸುವಂತೆ ಅದನ್ನು ರೂಪಿಸಬೇಕು. ಎರಡನೆಯದು, ಕರೆಪದಗಳ ಧ್ವನಿಮಾ ನೆರೆಹೊರೆಯ ಪಟ್ಟಿ: ಕನ್ನಡದ ಪದಕೋಶದಲ್ಲಿ, ಪ್ರಭೇದಗಳ ಧ್ವನಿನಿಯಮಗಳನ್ನು ಅನ್ವಯಿಸಿದ ಬಳಿಕ, ಯಾವ ಪದಗಳು ಕರೆಪದಕ್ಕೆ ಹತ್ತಿರ ಬರುತ್ತವೆ ಎಂಬುದರ ಲೆಕ್ಕ. ಮೂರನೆಯದು, ‘ಹೂಂ’ ಮೊದಲಾದ ಕಿರುನುಡಿಗಳ ಸ್ವರಭಾರದ ಅಧ್ಯಯನ. ಇವುಗಳಿಗೆ ದೊಡ್ಡ ಗಣಕಯಂತ್ರಗಳು ಬೇಕಿಲ್ಲ; ಎಚ್ಚರಿಕೆಯ ಕ್ಷೇತ್ರಕಾರ್ಯ ಬೇಕು.

ಕಂಠದ ಗುರುತು ಎಷ್ಟೇ ನಿಖರವಾದರೂ ಮಾತಿನ ಹೊಣೆ ಯಾರದೆಂದು ಅದು ಹೇಳಲಾರದು. ಆ ಭೇದವನ್ನು ‘ಅಂತ’, ‘ಅಂತೆ’ಗಳ ಮೂಲಕ ನಿತ್ಯವೂ ನಿಭಾಯಿಸುವ ಭಾಷೆಯೊಂದಕ್ಕೆ ಧ್ವನಿಸಹಾಯಕವನ್ನು ಕಟ್ಟುವವರು, ವಾಕ್ಯದ ಕೊನೆಯವರೆಗೆ ಕಾಯುವುದನ್ನು ಭದ್ರತೆಯ ಮೊದಲ ನಿಯಮವಾಗಿ ಒಪ್ಪಬೇಕು.